ತೆಗೆಯುವ ಹೆಸರುಗಳನ್ನು ಓದುತ್ತಿದ್ದ ಅಕ್ಕೋರು

ಮೈಕಿನ ಬ್ಯಾಟರಿ ನಡುವೆಯೇ ಇಳಿದುಹೋಗಬಹುದು. ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂದು ಪಟ್ಟಿ ತೊಯ್ಯಬಹುದು. ಎರಡೂ ಪಕ್ಷದ ಏಜಂಟರು ಮುಂದಿನ ಕುರ್ಚಿಗಾಗಿ ಜಗಳಾಡಬಹುದು. ಜಗಳಾಡದೆ ಇಬ್ಬರೂ ಬಾರದೇ ಇರಬಹುದು, ಅದು ಇನ್ನೂ ಕೆಟ್ಟದ್ದು. ಜನವೆಲ್ಲ ಹತ್ತಿ ಬಿಡಿಸಲು ಹೋಗಿ ನಾಲ್ಕೇ ಮಂದಿ ಕೂಡಬಹುದು. ನಾನು ಒಬ್ಬರ ಗಂಡನ ಹೆಸರನ್ನು ಇನ್ನೊಬ್ಬರಿಗೆ ಹಚ್ಚಿ ಓದಿ ಒಂದು ಸಂಸಾರ ಕೆಡಿಸಬಹುದು. ಯಾರಾದರೂ ಅದನ್ನು ಮೊಬೈಲಿನಲ್ಲಿ ಹಿಡಿದು ಹುಬ್ಬಳ್ಳಿಯವರೆಗೆ ಕಳಿಸಬಹುದು. ಹೊಸ ಸಾಹೇಬರು ಅದನ್ನು ನೋಡಿ, ‘ಇದನ್ನೆಲ್ಲ ಯಾವ ನಿಯಮದಡಿ ಮಾಡಿದಿರಿ?’ ಎಂದು ನೋಟೀಸು ಕೊಡಬಹುದು.

ಮತದಾರರ ಪಟ್ಟಿ ಓದಲು ಹೋಗುವ ಹಿಂದಿನ ದಿನ ಇಷ್ಟನ್ನೂ ಒಂದು ಹಾಳೆಯ ಮೇಲೆ ಬರೆದು ಅಂಕಿ ಹಾಕಿದ್ದೆ. ಒಟ್ಟು ಹದಿನಾರು ಆಗಿದ್ದವು. ಚಹಾ ತಂದ ಹೆಂಡತಿ ಬಗ್ಗಿ ನೋಡಿ, ‘ಹದಿನೇಳನೇದ ಒಂದ ಬರಕೋರಿ: ಚಿಂತಿ ಮಾಡೂದನ್ನ ಮರತ ಹೋಗಬಹುದು ಅಂತ’ ಎಂದಳು. ತಾಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಇಷ್ಟು ವರ್ಷ ಕಳೆದ ಮನುಷ್ಯನಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ.

ಹಾಳೆ ಕಿಸೆಗೆ ಹಾಕಿಕೊಂಡು, ಹಳೆಯ ಪಟ್ಟಿಗಳಿದ್ದ ತಗಡಿನ ಟ್ರಂಕು ತೆಗೆದೆ. ಡಾಂಬರ ಗುಳಿಗೆಯ ವಾಸನೆ ರಪ್ಪನೆ ಮುಖಕ್ಕೆ ಬಡಿಯಿತು. ಬೇರೆಯವರಿಗೆ ಆ ವಾಸನೆಯಿಂದ ಮದುವೆಯ ಸೀರೆ ನೆನಪಾಗುತ್ತದೆ. ನನಗೆ ನೆನಪಾಗುವುದು ಮತದಾರರ ಪಟ್ಟಿ, ಮತ್ತು ಅದರ ನಡುವೆ ಗುಳಿಗೆ ಇಡುತ್ತಿದ್ದ ಅಕ್ಕೋರು. ಒಮ್ಮೆ ನಾನು ನಕ್ಕದ್ದಕ್ಕೆ ಹೇಳಿದ್ದರು: ‘ರೇಷ್ಮಿ ಸೀರಿ ಹುಳಾ ತಿಂದ್ರ ಇನ್ನೊಂದ ತರಬಹುದ್ರಿ. ಹೆಸರ ತಿಂದ್ರ ಎಲ್ಲಿಂದ ತರೂದು?’

ಅವರು ನಮ್ಮ ತಾಲೂಕಿನ ಕರಿಮಣ್ಣಿನ ಒಂದು ಊರಿನಲ್ಲಿ ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅದರ ಮೇಲೆ ಆ ಊರಿನ ಬಿ.ಎಲ್.ಓ. ಕೂಡ, ಅಂದರೆ ಒಂದು ಮತಗಟ್ಟೆಗೆ ಸೇರಿದ ಮನೆಮನೆಗೂ ಹೋಗಿ, ಹದಿನೆಂಟು ತುಂಬಿದವರನ್ನು ಪಟ್ಟಿಗೆ ಸೇರಿಸಿ, ತೀರಿಹೋದವರನ್ನೂ ಊರು ಬಿಟ್ಟವರನ್ನೂ ತೆಗೆಯುವ ಕೆಲಸ. ಶಾಲೆಯ ಕೆಲಸ ಮುಗಿಸಿ ಮಾಡುವ ಈ ಕೆಲಸವನ್ನು ಹೆಚ್ಚಿನವರು ಗೊಣಗುತ್ತ ಮಾಡುತ್ತಾರೆ. ಅಕ್ಕೋರೂ ಗೊಣಗುತ್ತಿದ್ದರು. ಆದರೆ ಗೊಣಗುತ್ತಲೇ ಎಲ್ಲ ಮನೆಗೂ ಹೋಗುತ್ತಿದ್ದರು.

ಅವರನ್ನು ನಾನು ಮೊದಲು ನೋಡಿದ್ದು ನನ್ನ ಮೇಜಿನ ಎದುರಿಗೆ, ಒಂದು ಚುನಾವಣೆ ಮುಗಿದ ಮೂರನೆಯ ದಿನ. ನಾನಾಗ ಹೊಸ ಗುಮಾಸ್ತ. ಯಂತ್ರಗಳು ಸುರಕ್ಷಿತವಾಗಿ ತಲುಪಿದವೆಂದು ನಿಟ್ಟುಸಿರು ಬಿಟ್ಟು, ಇನ್ನು ಯಾವುದಕ್ಕೆ ಹೆದರಬೇಕೆಂದು ಹುಡುಕುತ್ತಿದ್ದೆ. ಇಳಕಲ್ ಸೀರೆಯ ಎತ್ತರದ ಹೆಂಗಸೊಬ್ಬರು ಒಬ್ಬ ಮುದುಕಿಯ ಕೈಹಿಡಿದು ಒಳಗೆ ಬಂದರು.

‘ಇವರು ನೀಲವ್ವ, ಗಂಡ ಬಸಪ್ಪ’ ಎಂದರು. ‘ಇವರು ತೀರ್ಕೊಂಡಾರಂತ ನಿಮ್ಮ ಪಟ್ಟಿ ಹೇಳತೈತಿ. ನಾ ಹೇಳಿದ್ರ ಇವರು ನಂಬವಲ್ಲರು. ನೀವ ಒಂದ ಮಾತ ಹೇಳಿಬಿಡ್ರಿ.’

ಮುದುಕಿ ನನ್ನ ಮೇಜಿನ ಅಂಚು ಹಿಡಿದು ನಿಂತಳು. ‘ಯಪ್ಪಾ, ಸತ್ತಿದ್ದ ನನಗೊಬ್ಬಾಕಿಗೇ ಗೊತ್ತಿರಲಿಲ್ಲ ನೋಡು. ನನ್ನ ದಿನದ ಊಟಾ ಯಾರ ಹಾಕ್ಸಿದ್ರು? ಹೋಳಿಗಿ ಮಾಡಿದ್ರೋ, ಬರೇ ಹುಗ್ಗಿನೋ?’

ಇಡೀ ಕಚೇರಿ ನಕ್ಕಿತು. ನಾನು ಕಡತ ತೆಗೆದೆ. ನಮ್ಮ ಕಡೆ ಕೆಲವು ಮನೆಗಳಲ್ಲಿ ಮದುವೆಯ ದಿನ ಸೊಸೆಯ ಹೆಸರು ಬದಲಿಸುವ ರೂಢಿ. ಗಂಡ ಬಸಪ್ಪನಾದರೆ ಹೆಂಡತಿ ನೀಲವ್ವ. ಹೀಗಾಗಿ ಆ ಊರಿನಲ್ಲಿ ಬಸಪ್ಪನ ಹೆಂಡತಿ ನೀಲವ್ವಂದಿರು ಇಬ್ಬರಿದ್ದರು. ಮೇಲಿನ ಓಣಿಯ ನೀಲವ್ವ ತೀರಿಕೊಂಡಿದ್ದಳು. ಮರಣದ ದಾಖಲೆ ನನ್ನ ಮೇಜಿಗೆ ಬಂದಾಗ ನಾನು ಮನೆ ನಂಬರು ನೋಡದೆ, ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬಿದ್ದ ನೀಲವ್ವನನ್ನು ತೆಗೆದುಹಾಕಿದ್ದೆ. ಸತ್ತವಳು ಪಟ್ಟಿಯಲ್ಲಿ ಉಳಿದಳು. ಬದುಕಿದ್ದವಳು ಮತದಾನದ ದಿನ ಒಂದು ತಾಸು ಸಾಲಿನಲ್ಲಿ ನಿಂತು, ಬರಿಗೈಯಲ್ಲಿ ಮನೆಗೆ ಹೋದಳು. ಜಗತ್ತಿನ ಎಲ್ಲದಕ್ಕೂ ಚಿಂತೆ ಮಾಡುವ ನಾನು ಇದೊಂದಕ್ಕೆ ಚಿಂತೆ ಮಾಡಿರಲಿಲ್ಲ.

‘ತಪ್ಪಾಗೇತ್ರಿ’ ಎಂದೆ. ಬೈಗುಳಕ್ಕಾಗಿ ತಲೆ ಬಗ್ಗಿಸಿ ಕಾದೆ.

‘ನಿಮ್ಮದೊಂದ ಅಲ್ಲ. ನೀವ ಕಳಿಸಿದ ಕಾಗದಕ್ಕ ನಾ ಮನಿಗೆ ಹೋಗದ ಸಹಿ ಮಾಡೀನಿ’ ಎಂದರು ಅಕ್ಕೋರು. ‘ಹೊಸ ಅರ್ಜಿ ಕೊಡ್ರಿ, ತುಂಬೂಣು. ಆದ್ರ ಇವರು ಬಸ್ಸಿನ್ಯಾಗ ನನಗ ಒಂದ ಮಾತ ಕೇಳಿದ್ರು. ನನ್ನ ಹೆಸರ ತಗಿಯೂಮುಂದ ನನ್ನ ಯಾಕ ಕೇಳಲಿಲ್ಲ ಅಂತ. ಉತ್ತರ ಐತೇನ್ರಿ ನಿಮ್ಮ ಕಡೆ?’

ನನ್ನ ಕಡೆ ನಮೂನೆಗಳ ನಂಬರುಗಳಿದ್ದವು. ಹೊಸ ಅರ್ಜಿಯದನ್ನು ಹುಡುಕಿ ಅವರ ಮುಂದಿಟ್ಟೆ.

ಮುಂದಿನ ವರ್ಷದ ಪರಿಷ್ಕರಣೆಯಿಂದ ಅಕ್ಕೋರು ತಮ್ಮ ಉತ್ತರವನ್ನು ತಾವೇ ಮಾಡಿಕೊಂಡರು. ಶಾಲೆಯ ಅಂಗಳದ ಬೇವಿನ ಗಿಡದ ಕೆಳಗೆ, ಮಠದಿಂದ ಎರವಲು ತಂದ ನವಲಗುಂದದ ಜಮಖಾನ ಹಾಸಿ, ಡಂಗುರ ಹೊಡೆಸಿ ಊರನ್ನು ಕೂಡಿಸಿದರು. ಪಟ್ಟಿ ಓದುವುದು ಹೊಸದೇನಲ್ಲ. ಗ್ರಾಮಸಭೆಯಲ್ಲಿ ಓದಿದಂತೆ ಮಾಡಿ ಸಹಿ ಹಾಕುವುದು ಎಲ್ಲ ಕಡೆ ಇತ್ತು. ಅವರು ಓದಿದ್ದು ತೆಗೆಯಬೇಕಾದ ಹೆಸರುಗಳನ್ನಷ್ಟೇ. ಹೆಸರು, ತಂದೆ ಅಥವಾ ಗಂಡನ ಹೆಸರು, ಓಣಿ, ಯಾಕೆ ತೆಗೆಯುತ್ತಿದ್ದೇವೆ. ಓದಿ ಸುಮ್ಮನಾಗುವರು. ಎರಡು ಸಲ ಉಸಿರು ಎಳೆದು ಬಿಡುವಷ್ಟು ಹೊತ್ತು. ಬದುಕಿದ್ದವರಾದರೆ ‘ಇಲ್ಲೇ ಅದೀನ್ರೀ’ ಎಂದು ತಾವೇ ಕೂಗಬೇಕು. ತೀರಿಹೋದವರಾದರೆ ‘ಹೌದ್ರಿ’ ಎಂದು ಗೊತ್ತಿದ್ದವರೊಬ್ಬರು ಎದ್ದು ಹೇಳಬೇಕು. ಇನ್ನೊಬ್ಬರ ಹೆಸರು ತೆಗೆಯಿರಿ ಎಂದು ಅರ್ಜಿ ಕೊಟ್ಟವರಿದ್ದರೆ ಅವರೂ ಎಲ್ಲರೆದುರು ಎದ್ದು ನಿಲ್ಲಬೇಕು. ಇಷ್ಟಾದ ಮೇಲೆಯೇ ಕೆಂಪು ಗೆರೆ.

ದೇಶದ ಚುನಾವಣೆ ಸುಧಾರಿಸಲು ಏನೇನು ಬೇಕೆಂದು ಟಿ.ವಿ.ಯಲ್ಲಿ ದೊಡ್ಡವರು ಚರ್ಚಿಸುವಾಗ ನಾನು ಕೇಳುತ್ತೇನೆ. ಹಣ ಹಂಚುವುದು ನಿಲ್ಲಬೇಕು, ಖರ್ಚಿಗೆ ಕಡಿವಾಣ ಬೇಕು, ಯಂತ್ರದ ಎಣಿಕೆಯನ್ನು ಚೀಟಿಯೊಡನೆ ಇನ್ನೂ ಹೆಚ್ಚು ತಾಳೆ ನೋಡಬೇಕು, ಆಯೋಗಕ್ಕೆ ಜನರನ್ನು ಆರಿಸುವ ರೀತಿ ಬದಲಾಗಬೇಕು... ಎಲ್ಲವೂ ಬೇಕಾದವೇ. ಅಕ್ಕೋರೂ ಬೇಡವೆನ್ನುತ್ತಿರಲಿಲ್ಲ. ಆದರೆ ಅವರು ಮಾಸ್ತರಿಕೆಯ ಮನುಷ್ಯರು. ಅವರ ಮಾತು ಹಾಜರಿ ಪುಸ್ತಕದಿಂದಲೇ ಶುರುವಾಗುತ್ತಿತ್ತು. ‘ಪರೀಕ್ಷಾ ಎಷ್ಟ ಚಂದ ನಡಸಿದ್ರೂ ಹಾಜರಿ ತಪ್ಪಿತ್ತಂದ್ರ ಆ ಕೂಸ ಹೊರಗ ನಿಂತತಿ ನೋಡ್ರಿ’ ಎನ್ನುವರು.

ಮದುವೆಯಾಗಿ ಹೋದ ಹೆಣ್ಣುಮಕ್ಕಳ ವಿಷಯದಲ್ಲಂತೂ ಅವರದು ಹಟ. ತವರಿನ ಪಟ್ಟಿಯಿಂದ ಹೆಸರು ತಕ್ಷಣ ಹೋಗುತ್ತದೆ, ಗಂಡನ ಊರಿನಲ್ಲಿ ಸೇರಿಸಲು ಯಾರಿಗೂ ಪುರುಸೊತ್ತಿಲ್ಲ; ಎರಡು ಊರಿನ ನಡುವೆ ಹುಡುಗಿ ಎರಡು ಚುನಾವಣೆ ಕಳೆದುಕೊಳ್ಳುತ್ತಾಳೆ. ಅಲ್ಲಿ ಸೇರಿದ್ದು ಕಣ್ಣಾರೆ ನೋಡುವವರೆಗೆ ಇಲ್ಲಿ ತೆಗೆಯುವುದಿಲ್ಲ ಎಂದು ಅವರು ಪಟ್ಟು ಹಿಡಿಯುವರು. ಅದಕ್ಕಾಗಿ ಯಾವ ಯಾವ ಊರಿನ ಬಿ.ಎಲ್.ಓ.ಗಳಿಗೋ ಫೋನು ಮಾಡಿ, ‘ನಮ್ಮ ಹುಡಗಿ ನಿಮ್ಮಲ್ಲಿ ಬಂದಾಳ, ಬರಕೊಂಡ್ರ್ಯೋ ಇಲ್ಲೋ?’ ಎಂದು ಬೀಗರ ಮನೆಯವರನ್ನು ಕೇಳುವ ದನಿಯಲ್ಲಿ ಕೇಳುವರು.

ಅವರ ಓದು ನಿಜವಾಗಿ ಪರೀಕ್ಷೆಗೆ ನಿಂತದ್ದು ಕೆಲವು ವರ್ಷಗಳಾದ ಮೇಲೆ, ಒಂದು ದೊಡ್ಡ ಚುನಾವಣೆಯ ಮುಂಚಿನ ಪರಿಷ್ಕರಣೆಯಲ್ಲಿ. ನನ್ನ ಮೇಜಿಗೆ ಆ ಊರಿನಿಂದ ಮೂವತ್ತೊಂಬತ್ತು ಅರ್ಜಿಗಳ ಕಟ್ಟು ಬಂತು. ಎಲ್ಲವೂ ಹಳ್ಳದಾಚೆಯ ಓಣಿಯವರ ಹೆಸರು ತೆಗೆಯಬೇಕೆಂದು. ಎಲ್ಲದಕ್ಕೂ ಒಂದೇ ಕಾರಣ: ಊರು ಬಿಟ್ಟಿದ್ದಾರೆ. ಎಲ್ಲದಕ್ಕೂ ಒಂದೇ ಕೈಬರಹ, ಒಂದೇ ಸಹಿ. ಊರಿನ ಮುಖಂಡರ ಅಕ್ಕನ ಮಗನದು. ಹಳ್ಳದಾಚೆಯವರು ಮುಖಂಡರ ಕಡೆಗೆ ಮತ ಹಾಕುವವರಲ್ಲ ಎಂಬುದು ಊರಿಗೇ ಗೊತ್ತಿದ್ದ ಸಂಗತಿ. ಅವರಲ್ಲಿ ಹೆಚ್ಚಿನವರು ವರ್ಷದಲ್ಲಿ ಕೆಲವು ತಿಂಗಳು ಗೋವಾ ಕಡೆ ಕಟ್ಟಡದ ಕೆಲಸಕ್ಕೆ ಹೋಗುವವರು ಎಂಬುದೂ ನಿಜ. ಬಾಗಿಲಿಗೆ ಕೀಲಿ, ಕೀಲಿಯ ಮೇಲೆ ನೋಟೀಸು, ನೋಟೀಸಿಗೆ ಉತ್ತರವಿಲ್ಲ. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ನಾನೊಂದು ಟಿಪ್ಪಣಿ ಬರೆದರೆ ಮೂವತ್ತೊಂಬತ್ತು ಮಂದಿ ಒಂದೇ ಮಧ್ಯಾಹ್ನ ಪಟ್ಟಿಯಿಂದ ಹೋಗಿಬಿಡುತ್ತಿದ್ದರು.

ಅಕ್ಕೋರು ಓದಿನ ದಿನ ಗೊತ್ತು ಮಾಡಿದ್ದು ದೀಪಾವಳಿ ಪಾಡ್ಯದ ಮರುದಿನ. ಗೋವಾಕ್ಕೆ ಹೋದವರು ಹಬ್ಬಕ್ಕೆ ಊರಿಗೆ ಬಂದಿರುತ್ತಾರೆ. ಡಂಗುರ ಹೊಡೆದ ಸಂಜೆಯೇ ಮುಖಂಡರ ಫೋನು ನನಗೆ ಬಂತು.

‘ಏನ್ರಿ ಗುಮಾಸ್ತರ, ಸಾಲಿ ಕಲಸೂ ಹೆಣಮಗಳು ನಮಗ ಪಂಚಾಯ್ತಿ ಮಾಡಾಕತ್ತಾಳಲ್ಲ? ಬದಲಿ ಆರ್ಡರ್ ಬೇಕಂತೇನ ಆಕಿಗೆ? ಜೋಡಿ ನಿಮಗೂ ಒಂದ ತರಸೂಣೇನ?’

ನಾನು ‘ಹೌದ್ರಿ’ ಎಂದೆ, ಕೂಡಲೇ ‘ಇಲ್ರಿ’ ಎಂದೆ, ಮತ್ತೆ ‘ನೋಡೂಣ್ರಿ’ ಎಂದೆ. ಮರುದಿನ ಶಾಲೆಗೆ ಹೋಗಿ ಅಕ್ಕೋರನ್ನು ಬೇಡಿಕೊಂಡೆ. ಈ ವರ್ಷವೊಂದು ಓದುವುದು ಬಿಡಿ, ಅರ್ಜಿಗಳನ್ನು ಮೇಲಿನವರಿಗೆ ಕಳಿಸಿಬಿಡೋಣ, ಮಗಳು ಇನ್ನೂ ಸಣ್ಣವಳು, ಬೀದರಿಗೆ ಬದಲಿಯಾದರೆ ನನ್ನ ಗತಿಯೇನು ಎಂದೆ. ಅವರು ಕರಿಹಲಿಗೆ ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಂಡರು.

‘ಅಂಜಿಕಿ ನನಗೂ ಐತಿ, ತಮ್ಮಾ’ ಎಂದರು. ಅವರು ನನ್ನನ್ನು ತಮ್ಮಾ ಎಂದದ್ದು ಅದೇ ಮೊದಲು. ‘ನೀವ ಬರಬ್ಯಾಡ್ರಿ ಬೇಕಾದ್ರ. ಆದ್ರ ಬಂದ್ರ, ನನ್ನ ಬಾಜೂಕ ಕುಂಡರಬೇಕು.’

ಹೋದೆ. ಬಾಜೂಕ ಅಲ್ಲ, ಅವರ ಬೆನ್ನ ಹಿಂದೆ ಕುಳಿತೆ.

ಜಮಖಾನ ಸಾಲದೆ ಜನ ಕಂಪೌಂಡಿನ ಗೋಡೆಯ ಮೇಲೂ ಕುಳಿತಿದ್ದರು. ಮುಖಂಡರು ಗೇಟಿನ ಬಳಿ ಮೋಟರ್ ಸೈಕಲ್ಲಿಗೆ ಒರಗಿ ನಿಂತಿದ್ದರು. ಅಕ್ಕೋರು ಶಾಲೆಯ ದನಿಯಲ್ಲಿ ಮೊದಲ ಹೆಸರು ಓದಿದರು.

‘ಮಾಬುಸಾಬ, ತಂದಿ ಇಮಾಮಸಾಬ, ಹಳ್ಳದಾಚೆ ಓಣಿ. ಊರ ಬಿಟ್ಟಾರ ಅಂತ ಅರ್ಜಿ ಬಂದೈತಿ.’

‘ಇಲ್ಲೇ ಅದೀನ್ರೀ ಅಕ್ಕೋರ!’

‘ಅರ್ಜಿ ಕೊಟ್ಟವರು ಎದ್ದ ನಿಂದರ್ರಿ.’

ಅಕ್ಕನ ಮಗ ಎದ್ದ. ಮಾಬುಸಾಬ ಅವನನ್ನು ಮೇಲಿಂದ ಕೆಳಗೆ ನೋಡಿದ. ‘ಲೇ ತಮ್ಮಾ, ಮೊನ್ನಿ ನಿಮ್ಮ ಟ್ರ್ಯಾಕ್ಟರ್ ಅರಲಾಗ ಸಿಕ್ಕಾಗ ಹಿಂದಿಂದ ನೂಕಿದಾಂವ ಯಾರಲೇ? ಊರ ಬಿಟ್ಟಾಂವ ನೂಕಿದ್ನೇನ?’

ನಗೆ ಬಿತ್ತು. ಅಕ್ಕೋರು ನಗಲಿಲ್ಲ. ಎರಡನೆಯ ಹೆಸರು ಓದಿದರು. ಮೂರನೆಯದು ಒಬ್ಬ ಹೆಂಗಸಿನದು; ಅವಳು ಸೊಂಟದ ಮೇಲೆ ಕೈಯಿಟ್ಟು ಎದ್ದು, ‘ನಿನ್ನಿ ನಮ್ಮ ಮನ್ಯಾಗ ಹೋಳಿಗಿ ತಿಂದ, ಅತ್ತಿ ಇನ್ನೊಂದ ಹಾಕು ಅಂದ್ಯಲ್ಲೋ ಬಾಡ್ಯಾ! ಹಾಕೂಮುಂದ ಊರಾಗಿದ್ದೆ, ಅರ್ಜಿ ಬರಿಯೂಮುಂದ ಊರ ಬಿಟ್ಟಿದ್ದೆನೇನ?’ ಎಂದಳು. ಆರನೆಯ ಹೆಸರಿಗೆ ಅಕ್ಕನ ಮಗ ಏಳಲಿಲ್ಲ. ಕುಳಿತಲ್ಲೇ ಕೈಮುಗಿದ.

‘ಅಕ್ಕೋರ, ಮಾವ ಬರಿ ಅಂದ್ರು, ಬರದೆ. ನಿಮ್ಮ ಕೈಯಾಗ ಕಲತಾಂವ ನಾ. ಉಳದದ್ದ ಬಿಟ್ಟಬಿಡ್ರಿ.’

ನನಗೂ ಸಾಕೆನಿಸಿತ್ತು. ಗೆದ್ದೆವಲ್ಲ, ಎದ್ದು ಹೋಗೋಣ ಎನಿಸಿತ್ತು. ಅಕ್ಕೋರು ಕನ್ನಡಕ ಸರಿಮಾಡಿಕೊಂಡರು.

‘ಅರ್ಧಾ ಓದಿ ಬಿಟ್ರ ನಾ ಹಳ್ಳದಾಚಿಯವರ ಕಡೆ ಆದಂಗ ಆತಪಾ. ನೀ ಬರದದ್ದರಾಗ ಖರೇವೂ ಇರಬಹುದು. ಎಲ್ಲಾ ಓದೂಣು. ಏಳು.’

ಎಲ್ಲವನ್ನೂ ಓದಿದರು. ಖರೆಯವೂ ಇದ್ದವು, ನಾಲ್ಕು. ಒಬ್ಬಾತ ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸಿ ವರ್ಷಗಳಾಗಿದ್ದವು. ಹಬ್ಬಕ್ಕೆ ಬಂದವನು, ‘ಹುಟ್ಟಿದ ಊರ್ರೀ, ಹೆಸರೊಂದರ ಇರಲಿ’ ಎಂದು ಗೋಗರೆದ. ‘ಮನಿ ಎಲ್ಲೈತಿ, ಹೆಸರ ಅಲ್ಲಿ. ಅಲ್ಲಿ ಸೇರಿದ ದಿನಾ ಇಲ್ಲಿ ತಗೀತೀನಿ’ ಎಂದು ಬರೆದುಕೊಂಡರು. ಹಳ್ಳದಾಚೆಯವರೇ ಗುಜುಗುಜು ಮಾಡಿದರು. ಅಕ್ಕೋರು ತಲೆ ಎತ್ತಲಿಲ್ಲ.

ಆಮೇಲೆ ಇನ್ನೊಂದು ಹೆಸರು ಉಳಿದಿತ್ತು. ಅದಕ್ಕೆ ಯಾರ ಅರ್ಜಿಯೂ ಇರಲಿಲ್ಲ. ಅವರೇ ಮನೆಮನೆ ತಿರುಗಿ ಬರೆದುಕೊಂಡದ್ದು. ಹಿಂದಿನ ವರ್ಷ ಯರಗುಪ್ಪಿಗೆ ಮದುವೆಯಾಗಿ ಹೋದ ಹುಡುಗಿ. ಅಲ್ಲಿಯ ಪಟ್ಟಿಯಲ್ಲಿ ಆಗಲೇ ಸೇರಿದ್ದಾಳೆ. ತಂದೆಯ ಹೆಸರನ್ನೂ ಓದಿದರು. ಮುಖಂಡರ ಮಗಳು. ಎರಡು ಉಸಿರಿನ ಹೊತ್ತು ನನ್ನ ಪಾಲಿಗೆ ಎರಡು ಬೇಸಿಗೆ ಆಯಿತು. ಎಲ್ಲರ ಮುಖ ಗೇಟಿನ ಕಡೆ ತಿರುಗಿದವು. ಮುಖಂಡರು ಮೋಟರ್ ಸೈಕಲ್ಲಿನಿಂದ ಬೆನ್ನು ಬಿಡಿಸಿ ನೆಟ್ಟಗೆ ನಿಂತರು.

‘ಹೌದ್ರಿ. ಕೊಟ್ಟೀವಿ. ತಗೀರಿ’ ಎಂದರು.

ಆಗ ನನಗೆ ಏನಾಯಿತೆಂದು ಹೇಳುವುದು ಕಷ್ಟ. ಯಾವ ಸಾಹೇಬರೂ, ಪೊಲೀಸರೂ ಇಲ್ಲದ ಒಂದು ಶಾಲೆಯ ಅಂಗಳದಲ್ಲಿ, ಇಡೀ ತಾಲೂಕು ಅಂಜುತ್ತಿದ್ದ ಮನುಷ್ಯ ಎಲ್ಲರಂತೆ ಎದ್ದು ನಿಂತು ಎಲ್ಲರಂತೆ ಉತ್ತರ ಕೊಟ್ಟಿದ್ದರು. ನನ್ನ ಎದೆ ಅಷ್ಟು ಉಬ್ಬಿದ್ದು ಮಗಳು ಹುಟ್ಟಿದ ದಿನ ಬಿಟ್ಟರೆ ಅಂದೇ. ಕುರ್ಚಿಯನ್ನು ಮೆಲ್ಲಗೆ ಎತ್ತಿ ಅಕ್ಕೋರ ಬಾಜೂಕ ಇಟ್ಟುಕೊಂಡೆ. ಆಗ ಓದುವುದು ಮುಗಿದುಹೋಗಿತ್ತು, ಅದು ಬೇರೆ ಮಾತು.

ಬದಲಿ ಆರ್ಡರು ಇಬ್ಬರಿಗೂ ಬರಲಿಲ್ಲ. ಬಂದದ್ದು ಮೇಲಿನವರ ಕರೆ. ‘ತೆಗೆಯುವ ಹೆಸರನ್ನು ಹೀಗೆ ಕೂಗಿ ಓದಬೇಕೆಂದು ಯಾವ ನಿಯಮದಲ್ಲಿದೆ?’ ಎಂದು ಸಾಹೇಬರು ಕೇಳಿದರು. ನಾನು ನಿಯಮ ಹುಡುಕುತ್ತ ಕೈಪಿಡಿಯ ಹಾಳೆ ಮಗುಚತೊಡಗಿದೆ. ಅಕ್ಕೋರು, ‘ಓದಬಾರದಂತ ಯಾವುದರಾಗ ಐತ್ರಿ ಸರ್?’ ಎಂದರು. ಸಾಹೇಬರು ಅವರಿಗೆ ಚಹಾ ತರಿಸಿದರು. ನನಗೂ ಅರ್ಧ ಕಪ್ಪು ಬಂತು.

ಆ ಚುನಾವಣೆಯಲ್ಲಿ ಹಳ್ಳದಾಚೆಯವರು ಸಾಲಾಗಿ ಬಂದು ಮತ ಹಾಕಿದರು. ಯಾರು ಗೆದ್ದರು ಎಂಬುದು ಈಗ ಮುಖ್ಯವಲ್ಲ. ಸೋತವರ ಏಜಂಟನೂ ಆ ಬೂತಿನ ಬಗ್ಗೆ ಒಂದು ತಕರಾರು ಬರೆಯಲಿಲ್ಲ. ಆಮೇಲೂ ಬರೆಯಲಿಲ್ಲ. ಪ್ರತಿ ಚುನಾವಣೆಗೂ ಬೇರೆ ಊರುಗಳಿಂದ ‘ನನ್ನ ಹೆಸರು ಎಲ್ಲಿ ಹೋಯಿತು’ ಎಂದು ಜನ ನನ್ನ ಮೇಜಿಗೆ ಬರುತ್ತಾರೆ. ಆ ಊರಿನಿಂದ ಬರುವುದಿಲ್ಲ. ನನ್ನ ನೌಕರಿಯಲ್ಲಿ ಎದೆತಟ್ಟಿ ಹೇಳಿಕೊಳ್ಳುವಂಥದ್ದು ಒಂದೇ ಇದೆ: ಅದು ಹೇಗೆ ಆಯಿತೆಂದು ನಾನು ಬೆನ್ನ ಹಿಂದೆ ಕುಳಿತು ನೋಡಿದ್ದೇನೆ.

ಅಕ್ಕೋರು ನಿವೃತ್ತರಾದರು. ಧಾರವಾಡಕ್ಕೆ ಬಾ ಎಂದು ತಮ್ಮಂದಿರು ಕರೆದರೂ ಹೋಗದೆ ಅದೇ ಊರಿನಲ್ಲಿ ಉಳಿದರು. ಹೊಸ ಬಿ.ಎಲ್.ಓ. ಅಂಗನವಾಡಿಯ ಹುಡುಗಿ, ಎಲ್ಲ ಕೆಲಸ ಮೊಬೈಲಿನಲ್ಲೇ ಮುಗಿಸುವ ಚುರುಕಿನವಳು. ಆದರೂ ವರ್ಷಕ್ಕೊಮ್ಮೆ ಓದಲು ಅಕ್ಕೋರನ್ನೇ ಕರೆಯುತ್ತಿದ್ದಳು. ಈ ಬೇಸಿಗೆಯಲ್ಲಿ ಅವರು ಹೋದರು. ಮೂರು ದಿನದ ಜ್ವರ, ಅಷ್ಟೇ... ಸುದ್ದಿ ಬಂದಾಗ ನಾನೊಂದು ತರಬೇತಿಯಲ್ಲಿದ್ದೆ. ಬಿಟ್ಟು ಹೋದರೆ ಏನಾದೀತೋ ಎಂದು ಚಿಂತಿಸುತ್ತ ಕೂತೆ. ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದನ್ನು ನಾನು ಇನ್ನೂ...

ಮೊನ್ನೆ ಆ ಹುಡುಗಿ ಫೋನು ಮಾಡಿದಳು. ‘ಈ ವರ್ಷ ನೀವ ಬಂದ ಓದ್ರಿ ಸರ್. ತಗಿಯೂ ಪಟ್ಟಿಯೊಳಗ ಅವರ ಹೆಸರೂ ಐತಿ. ನನ್ನ ಬಾಯಿಂದ ಅದು ಬರಂಗಿಲ್ಲ.’

ಹಾಗೆ ನಾನು ಹೋದೆ. ಬ್ಯಾಟರಿ ಇಳಿಯಲಿಲ್ಲ. ಮಳೆ ಬರಲಿಲ್ಲ. ಜನ ಹೊಲ ಬಿಟ್ಟು ಬಂದಿದ್ದರು, ಏಜಂಟರಿಬ್ಬರೂ ನನ್ನ ಎಡಬಲಕ್ಕೆ ಜಗಳವಿಲ್ಲದೆ ಕುಳಿತಿದ್ದರು. ಹೆಸರುಗಳನ್ನು ಓದಿದೆ, ‘ಹೌದ್ರಿ’ಗಳೂ ಒಂದೆರಡು ‘ಅದೀನ್ರೀ’ಗಳೂ ಬಂದವು. ಆಮೇಲೆ ಅವರದು ಬಂತು. ಇಷ್ಟು ವರ್ಷ ಅಕ್ಕೋರು ಎಂದೇ ಕರೆದವನು ಮೊದಲ ಬಾರಿ ಅವರ ಹೆಸರನ್ನು ಗಟ್ಟಿಯಾಗಿ ಹೇಳಿದೆ. ತಂದೆಯ ಹೆಸರು, ಓಣಿ, ಕಾರಣ. ಸುಮ್ಮನಾದೆ.

ಒಂದು ಉಸಿರು. ಎರಡು. ಮೂರು. ಊರಿಗೆ ಊರೇ ಅಲ್ಲಿತ್ತು, ಯಾರೂ ಬಾಯಿ ತೆರೆಯಲಿಲ್ಲ. ಮುಖಂಡರ ಅಕ್ಕನ ಮಗ, ಈಗ ತಲೆ ನರೆತಿದೆ ಅವನಿಗೆ, ನೆಲ ನೋಡುತ್ತಿದ್ದ. ಅಂಗನವಾಡಿಯ ಹುಡುಗಿ ಬೆನ್ನು ತಿರುಗಿಸಿ ನಿಂತಿದ್ದಳು. ಹೇಳುವವರಿಲ್ಲದಿದ್ದರೆ ತೆಗೆಯುವಂತಿಲ್ಲ. ನನಗೆ ಒಳಗೊಳಗೇ ಹಾಗೇ ಆಗಲಿ ಎನಿಸಿತು.

ಜಮಖಾನದ ಮೂಲೆಯಲ್ಲಿ ಕೋಲು ಊರಿದ ಸಪ್ಪಳವಾಯಿತು. ನೀಲವ್ವ. ಇಬ್ಬರು ಹಿಡಿದು ಎಬ್ಬಿಸಬೇಕಾಯಿತು.

‘ಯಾಕ ಬಾಯಿ ಹೊಲಕೊಂಡ ಕುಂತೀರಿ?’ ಎಂದು ಊರನ್ನು ಗದರಿಸಿದಳು. ‘ಹೌದ್ರಿ ಸಾಹೇಬ್ರ. ಅಕ್ಕೋರು ತೀರ್ಕೊಂಡಾರ. ನಾನ ನೋಡೀನಿ, ನಾನ ನೀರ ಹಾಕೀನಿ. ತಗೀರಿ. ಸುಳ್ಳ ಹೆಸರ ಇಟ್ಟಿದ್ದ ಗೊತ್ತಾದ್ರ ಅವರು ನಮ್ಮನ್ನ ಸುಮ್ಮನ ಬಿಡತಾರೇನು?’

ಕೆಂಪು ಪೆನ್ನು ತೆಗೆದು ಮತದಾರರ ಪಟ್ಟಿಯಲ್ಲಿ ಅವರ ಹೆಸರಿನ ಮೇಲೆ ಗೆರೆ ಎಳೆದೆ. ಬಲಗಡೆಯ ಏಜಂಟ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ ಮೆಲ್ಲಗೆ ಅಂದ:

‘ಸರ್, ಗೆರಿ ಸೊಟ್ಟ ಹೋಗೇತ್ರಿ. ಕೆಳಗಿನಾಂವನೂ ಹ್ವಾದ ನೋಡ್ರಿ.’

ಕನ್ನಡಕ ಒರೆಸಿಕೊಂಡು ನೋಡಿದೆ. ಹೌದು. ನನ್ನ ಹಾಳೆಯ ಹದಿನಾರರಲ್ಲಿ ಇದು ಇರಲಿಲ್ಲ. ಕೆಳಗಿನವನ ಹೆಸರನ್ನು ಕೂಗಿ ಓದಿದೆ. ಗೋಡೆಯ ಮೇಲಿಂದ ‘ಇಲ್ಲೇ ಅದೀನ್ರೀ!’ ಎಂದು ಉತ್ತರ ಬಂತು. ಅವನ ಹೆಸರಿನ ಪಕ್ಕದಲ್ಲಿ ‘ಈ ಗೆರೆ ಗುಮಾಸ್ತನ ಕೈತಪ್ಪು, ಇವರು ಇದ್ದಾರೆ’ ಎಂದು ಬರೆದು ಸಹಿ ಮಾಡಿದೆ. ಏಜಂಟರಿಬ್ಬರೂ ಕೆಳಗೆ ಸಹಿ ಹಾಕಿದರು.